ಆಲ್ಬುಮಿನ್ ಕಡಿಮೆ ಬಂದರೆ ತಪ್ಪು ಅಡುಗೆ ಮನೆಯದಲ್ಲ!

ಲ್ಯಾಬಿನಿಂದ ತಂದ ರಿಪೋರ್ಟನ್ನು ಮನೆಯಲ್ಲಿ ಮೊದಲು ಬಿಡಿಸಿ ನೋಡುವವರು ಯಾರು ಹೇಳಿ? ಹೆಚ್ಚಿನ ಮನೆಗಳಲ್ಲಿ ನಾವೇ. ಡಾಕ್ಟರನ್ನು ನೋಡುವುದು ಸಂಜೆ ಆರಕ್ಕೆ. ಅಲ್ಲಿವರೆಗೆ ತಡೆಯೋಕಾಗುತ್ತಾ? ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು, ಯಾವ ಸಾಲಿನ ಮುಂದೆ 'ಎಚ್' ಇದೆ, ಯಾವುದರ ಮುಂದೆ 'ಎಲ್' ಇದೆ ಅಂತ ಬೆರಳಿಟ್ಟು ಹುಡುಕುತ್ತೇವೆ. ಅರ್ಥವಾಗುವುದು ಕಡಿಮೆ, ಎದೆ ಹೊಡೆದುಕೊಳ್ಳುವುದು ಜಾಸ್ತಿ!

2021ರ ದೀಪಾವಳಿ ಕಳೆದ ಮೇಲೆ ರಾಮಕೃಷ್ಣನಗರದ ನಮ್ಮ ಮನೆಯಲ್ಲೂ ಇದೇ ಆಯಿತು. ಮಾವನವರಿಗೆ ನಾಲ್ಕು ತುತ್ತು ತಿನ್ನುವಷ್ಟರಲ್ಲಿ ಹೊಟ್ಟೆ ತುಂಬಿದಂತೆ ಆಗುತ್ತಿತ್ತು. ದಿನಾ ಬೆಳಿಗ್ಗೆ ಆಂದೋಲನ ಸರ್ಕಲ್ ತನಕ ವಾಕ್ ಹೋಗುತ್ತಿದ್ದವರು ಗೇಟಿನ ತನಕ ಹೋಗಿ ವಾಪಸ್ ಬರತೊಡಗಿದರು. ಎಂಡೋಸ್ಕೋಪಿ ಮಾಡಿಸಿದಾಗ ಜಠರದ ಕ್ಯಾನ್ಸರ್ ಎಂದು ಗೊತ್ತಾಯಿತು. ರಕ್ತದ ರಿಪೋರ್ಟಿನಲ್ಲಿ ಒಟ್ಟು ಪ್ರೊಟೀನ್ 5.4, ಆಲ್ಬುಮಿನ್ 2.6. ಎರಡರ ಮುಂದೆಯೂ 'ಎಲ್'.

ನೋಡಲು ಬಂದ ಮಾವನವರ ಅಕ್ಕ ರಿಪೋರ್ಟಿನ ವಿಷಯ ಕೇಳಿ ನಮ್ಮ ಅತ್ತೆಗೆ ಅಂದರು, "ಏನಮ್ಮಾ, ಅವನಿಗೆ ಸರಿಯಾಗಿ ಹಾಕ್ತಾ ಇದೀಯೋ ಇಲ್ವೋ?" ನಮ್ಮದು ಮೊಟ್ಟೆ ಮುಟ್ಟದ ಮನೆ. ಪಕ್ಕದ ಬೀದಿಯಿಂದ ಬಂದ ಪರಿಚಯದವರೊಬ್ಬರು, "ಮೊಟ್ಟೆ ತಿಂದಿದ್ರೆ ಇಷ್ಟು ಇಳೀತಿರಲಿಲ್ಲ ಬಿಡಿ" ಎಂದು ತೀರ್ಪು ಕೊಟ್ಟರು. ಅತ್ತೆ ಏನೂ ಮಾತಾಡಲಿಲ್ಲ. ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದರು. ನಲವತ್ತೆರಡು ವರ್ಷ ಹೊತ್ತು ಹೊತ್ತಿಗೆ ಬಡಿಸಿದವರು ಆವತ್ತು ರಾತ್ರಿ ಸಿಂಕಿನ ಮುಂದೆ ನಿಂತು, "ನಾನೇ ಎಲ್ಲೋ ಕಮ್ಮಿ ಮಾಡಿದೆನೇನೋ ಕಣೇ" ಅಂದರು.

ಈ ಲೇಖನ ಬರೆಯುತ್ತಿರುವುದು ಆ ಒಂದು ಮಾತಿಗಾಗಿ. ಅನ್ನನಾಳ, ಜಠರ, ಕರುಳು, ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇರುವವರ ರಕ್ತದಲ್ಲಿ ಪ್ರೊಟೀನ್ ಏಕೆ ಏರುಪೇರಾಗುತ್ತದೆ ಎಂದು ತಿಳಿದುಕೊಂಡರೆ, ಬೇಡದ ತಪ್ಪನ್ನು ಯಾವ ಹೆಂಗಸೂ ತಲೆ ಮೇಲೆ ಹೊತ್ತುಕೊಳ್ಳುವುದಿಲ್ಲ. ಜೊತೆಗೆ, ನಿಜವಾಗಿ ಮಾಡಬೇಕಾದ ಕೆಲಸವೂ ತಪ್ಪಿಹೋಗುವುದಿಲ್ಲ.

ಪ್ಲಾಸ್ಮಾ ಅಂದರೆ ಏನು?

ಮಜ್ಜಿಗೆಯನ್ನು ಸ್ವಲ್ಪ ಹೊತ್ತು ಅಲುಗಾಡಿಸದೆ ಇಟ್ಟರೆ ಮೇಲೆ ತಿಳಿ ನಿಲ್ಲುತ್ತದೆ ಅಲ್ವಾ? ಹೆಪ್ಪುಗಟ್ಟದಂತೆ ಔಷಧಿ ಹಾಕಿದ ಟ್ಯೂಬಿನಲ್ಲಿ ರಕ್ತವನ್ನು ಇಟ್ಟರೂ ಹಾಗೇ. ಕೆಂಪು ಕಣಗಳು ಕೆಳಗೆ ಕೂರುತ್ತವೆ, ಮೇಲೆ ತಿಳಿ ಹಳದಿ ದ್ರವ ನಿಲ್ಲುತ್ತದೆ. ಅದೇ ಪ್ಲಾಸ್ಮಾ. ರಕ್ತದ ಅರ್ಧಕ್ಕಿಂತ ತುಸು ಹೆಚ್ಚು ಭಾಗ, ಅಂದರೆ ಸುಮಾರು ಶೇ 55 ಇದೇ. ಇದರಲ್ಲಿ ಶೇ 90ಕ್ಕಿಂತ ಹೆಚ್ಚು ನೀರು. ಪ್ರೊಟೀನ್ ಇರುವುದು ಶೇ 7ರ ಆಸುಪಾಸು. ಪ್ರಮಾಣ ಕಡಿಮೆಯಾದರೂ ಕೆಲಸ ದೊಡ್ಡದು.

ರಿಪೋರ್ಟಿನಲ್ಲಿ ನೀವು ನೋಡುವ ಸಾಲುಗಳು ಇವು. ಎಲ್ಲ ಲೆಕ್ಕವೂ 100 ಮಿ.ಲೀ.ಗೆ ಎಷ್ಟು ಗ್ರಾಂ ಅಂತ. ಲ್ಯಾಬಿನಿಂದ ಲ್ಯಾಬಿಗೆ ತುಸು ವ್ಯತ್ಯಾಸ ಇರುತ್ತದೆ.

* ಒಟ್ಟು ಪ್ರೊಟೀನ್: ಸಾಮಾನ್ಯವಾಗಿ 6ರಿಂದ 8.
* ಆಲ್ಬುಮಿನ್: 3.5ರಿಂದ 5.
* ಗ್ಲಾಬ್ಯುಲಿನ್: 2ರಿಂದ 3.5. ಒಟ್ಟಿನಿಂದ ಆಲ್ಬುಮಿನ್ ಕಳೆದರೆ ಉಳಿಯುವುದು.
* ಎ/ಜಿ ಅನುಪಾತ: ಆಲ್ಬುಮಿನ್ನನ್ನು ಗ್ಲಾಬ್ಯುಲಿನ್‌ನಿಂದ ಭಾಗಿಸಿದ ಲೆಕ್ಕ. ಆರೋಗ್ಯವಂತರಲ್ಲಿ 1ಕ್ಕಿಂತ ಹೆಚ್ಚು ಇರುತ್ತದೆ.

ಇವುಗಳಲ್ಲಿ ಮನೆಯ ಯಜಮಾನಿಯಂತೆ ಇರುವುದು ಆಲ್ಬುಮಿನ್. ರಕ್ತನಾಳದೊಳಗೆ ನೀರನ್ನು ಹಿಡಿದಿಡುವುದು ಇದರ ಮುಖ್ಯ ಕೆಲಸ. ಇದು ತುಂಬಾ ಇಳಿದರೆ ನೀರು ಹೊರಗೆ ಜಿನುಗಿ ಪಾದ ಊದಿಕೊಳ್ಳುತ್ತದೆ. ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ನಿಧಾನಕ್ಕೆ ತುಂಬಿಕೊಳ್ಳುತ್ತದೆ. ಕೆಲವರಿಗೆ ಹೊಟ್ಟೆಯಲ್ಲೂ ನೀರು ತುಂಬಬಹುದು. ಔಷಧಿ, ಕ್ಯಾಲ್ಸಿಯಂ, ಹಾರ್ಮೋನುಗಳನ್ನು ಹೊತ್ತು ತಿರುಗುವುದೂ ಆಲ್ಬುಮಿನ್ನೇ. ಅದಕ್ಕೇ ಆಲ್ಬುಮಿನ್ ಇಳಿದವರ ರಿಪೋರ್ಟಿನಲ್ಲಿ ಕ್ಯಾಲ್ಸಿಯಂ ಕೂಡ ಕಡಿಮೆ ಕಾಣಿಸಬಹುದು. ಹೊರುವ ಗಾಡಿ ಕಡಿಮೆಯಾದಾಗ ಸರಕೂ ಕಡಿಮೆ ಕಾಣುತ್ತದೆ, ಅಷ್ಟೇ. ಅದನ್ನು ನೋಡಿ ನೀವಾಗಿಯೇ ಕ್ಯಾಲ್ಸಿಯಂ ಮಾತ್ರೆ ತಂದು ಕೊಡಲು ಹೋಗಬೇಡಿ.

ಇಳಿಯುವುದು ಏಕೆ?

ಆಲ್ಬುಮಿನ್ ತಯಾರಾಗುವುದು ಲಿವರಿನಲ್ಲಿ. ಆರೋಗ್ಯವಂತರ ಲಿವರ್ ದಿನಕ್ಕೆ 10ರಿಂದ 15 ಗ್ರಾಂನಷ್ಟು ತಯಾರಿಸುತ್ತದೆ. ಈಗ ಒಂದು ಮದುವೆ ಮನೆ ಕಲ್ಪಿಸಿಕೊಳ್ಳಿ. ನಾಳೆ ಮುಹೂರ್ತ, ಸಾವಿರ ಜನ ಬರುತ್ತಾರೆ. ಆವತ್ತು ಆ ಮನೆಯ ಒಲೆ ಮೇಲೆ ದಿನದ ಸಾರು, ಪಲ್ಯ ಇರುತ್ತದೆಯೇ? ಎಲ್ಲ ಒಲೆ, ಎಲ್ಲ ಪಾತ್ರೆ, ಎಲ್ಲ ಕೈಗಳೂ ದೊಡ್ಡಡುಗೆಗೆ ಹೋಗಿರುತ್ತವೆ. ಕ್ಯಾನ್ಸರ್ ಗಡ್ಡೆ ಇರುವ ದೇಹದಲ್ಲಿ ಲಿವರ್ ಮಾಡುವುದೂ ಇದನ್ನೇ. ಗಡ್ಡೆಯ ಸುತ್ತ ಉರಿಯೂತ ಶುರುವಾಗಿ, ಅಲ್ಲಿಂದ ಕೆಲವು ರಾಸಾಯನಿಕಗಳು ಲಿವರಿಗೆ 'ತುರ್ತು' ಅಂತ ಸುದ್ದಿ ಮುಟ್ಟಿಸುತ್ತವೆ. ಲಿವರ್ ತನ್ನ ದಿನದ ಅಡುಗೆಯಾದ ಆಲ್ಬುಮಿನ್ ಕಡಿಮೆ ಮಾಡಿ, ಹೋರಾಟಕ್ಕೆ ಬೇಕಾದ ಬೇರೆ ಪ್ರೊಟೀನ್‌ಗಳನ್ನು ಬೇಯಿಸಲು ಕೂರುತ್ತದೆ. ನೀವು ಎಷ್ಟೇ ಸಾಮಾನು ತಂದುಕೊಟ್ಟರೂ ಅಡುಗೆ ಪಟ್ಟಿಯೇ ಬದಲಾಗಿದ್ದರೆ ಏನು ಮಾಡುತ್ತೀರಿ?

ಇದೊಂದೇ ಕಾರಣ ಅಲ್ಲ. ಇನ್ನೂ ಕೆಲವು ಜೊತೆಗೂಡುತ್ತವೆ.

* ಉರಿಯೂತದಿಂದ ರಕ್ತನಾಳಗಳು ಸೋರತೊಡಗಿ, ಇರುವ ಆಲ್ಬುಮಿನ್ ಕೂಡ ಹೊರಗೆ ಹೋಗುತ್ತದೆ.
* ಗಡ್ಡೆಯ ಹುಣ್ಣಿನಿಂದ ರಕ್ತ, ಪ್ರೊಟೀನ್ ಕರುಳಿಗೆ ಸ್ವಲ್ಪ ಸ್ವಲ್ಪವೇ ಜಿನುಗಿ ಮಲದಲ್ಲಿ ಹೋಗುತ್ತದೆ.
* ಅನ್ನನಾಳ ಕಿರಿದಾಗಿದ್ದರೆ ಅನ್ನ ಇಳಿಯುವುದಿಲ್ಲ. ಜಠರದ ಬಾಯಿ ಕಟ್ಟಿಕೊಂಡರೆ ವಾಂತಿ. ಮೇದೋಜೀರಕದ ತೊಂದರೆ ಇದ್ದರೆ ತಿಂದದ್ದು ಅರಗುವುದಿಲ್ಲ.
* ಲಿವರಿಗೇ ಗಡ್ಡೆ ಹರಡಿದ್ದರೆ ತಯಾರಿಕೆ ಕುಗ್ಗಬಹುದು.
* ಆಸ್ಪತ್ರೆಯಲ್ಲಿ ಡ್ರಿಪ್ ಹೆಚ್ಚು ಹೋಗಿದ್ದರೆ ರಕ್ತ ತೆಳುವಾಗಿ ಅಂಕಿ ಇನ್ನಷ್ಟು ಕಡಿಮೆ ಕಾಣುತ್ತದೆ.

ನೋಡಿ, ಇಷ್ಟರಲ್ಲಿ ಊಟಕ್ಕೆ ಸಂಬಂಧಪಟ್ಟದ್ದು ಒಂದೇ. ಅದೂ ಬಡಿಸಿದವರ ತಪ್ಪಲ್ಲ, ಇಳಿಯದ ಗಂಟಲಿನ ತೊಂದರೆ.

ಇನ್ನೊಂದು ವಿಷಯ ಕೇಳಿ, ನನಗೂ ಆಶ್ಚರ್ಯವಾಗಿತ್ತು. ಬೇರೆ ಕಾಯಿಲೆ ಇಲ್ಲದೆ, ಬರೀ ಊಟ ಬಿಟ್ಟು ಸೊರಗಿದವರ ರಕ್ತದಲ್ಲಿ ಆಲ್ಬುಮಿನ್ ಬಹಳ ದಿನ ಹೆಚ್ಚುಕಮ್ಮಿ ಸರಿಯಾಗೇ ಇರುತ್ತದೆ! ಮೈಮೇಲೆ ಮೂಳೆ ಕಾಣುವಷ್ಟು ಇಳಿದ ಮೇಲೂ ಎಷ್ಟೋ ಜನರಲ್ಲಿ ಈ ಅಂಕಿ ಬೀಳುವುದಿಲ್ಲ. ಹಿಂದೆಲ್ಲ ವೈದ್ಯರೂ ಆಲ್ಬುಮಿನ್ ಅನ್ನು ಪೌಷ್ಟಿಕತೆಯ ಅಳತೆಗೋಲು ಎಂದೇ ನೋಡುತ್ತಿದ್ದರು. ಈಗ ಪೌಷ್ಟಿಕತೆಯ ತಜ್ಞರು ಇದನ್ನು ಕಾಯಿಲೆಯ ಉರಿಯೂತದ ಗುರುತು ಎಂದು ಓದುತ್ತಾರೆ. ಅಂಕಿ ಕಡಿಮೆ ಇದ್ದರೆ ರೋಗಿಯ ಕಡೆ ಹೆಚ್ಚು ಗಮನ ಬೇಕು ಎಂದು ಅರ್ಥ. ಮನೆಯವರು ಊಟ ಹಾಕಿಲ್ಲ ಎಂದು ಅರ್ಥವಲ್ಲ.

ಮತ್ತೆ, ಒಮ್ಮೆ ತಯಾರಾದ ಆಲ್ಬುಮಿನ್‌ನಲ್ಲಿ ಅರ್ಧ ಕರಗಲು ಸುಮಾರು ಮೂರು ವಾರ ಬೇಕು. ಆದ್ದರಿಂದ ಸೋಮವಾರದಿಂದ ಹಾಲು, ಪನೀರು ಶುರು ಮಾಡಿ ಶುಕ್ರವಾರ ರಕ್ತ ಕೊಟ್ಟು, "ಇಷ್ಟು ಮಾಡಿದರೂ ಏರಲೇ ಇಲ್ಲವಲ್ಲಾ" ಅಂತ ಕೊರಗಬೇಡಿ.

ಏರುವ ಪ್ರೊಟೀನ್‌ಗಳು

ಮದುವೆ ಮನೆಯ ದೊಡ್ಡಡುಗೆಯಲ್ಲಿ ಏನೇನು ಬೇಯುತ್ತದೆ ಎಂದು ಕೇಳಿದಿರಾ? ಮೊದಲನೆಯದು ಸಿಆರ್‌ಪಿ. 1930ರಲ್ಲಿ ನ್ಯೂಯಾರ್ಕಿನಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಟಿಲ್ಲೆಟ್ ಮತ್ತು ಫ್ರಾನ್ಸಿಸ್ ಎಂಬ ಇಬ್ಬರು ಇದನ್ನು ಕಂಡುಹಿಡಿದರು. ಕೋವಿಡ್ ಕಾಲದಲ್ಲಿ ಈ ಹೆಸರು ಮನೆಮನೆಗೂ ಪರಿಚಯವಾಯಿತು. ಜ್ವರ, ಸೋಂಕು, ಏಟು, ಆಪರೇಷನ್ ಎಲ್ಲದರಲ್ಲೂ ಇದು ಏರುತ್ತದೆ. ಹಾಗಾಗಿ ಸಿಆರ್‌ಪಿ ಹೆಚ್ಚು ಬಂದರೆ ಕ್ಯಾನ್ಸರ್ ಅಂತ ಅಲ್ಲವೇ ಅಲ್ಲ. ಆದರೆ ಕ್ಯಾನ್ಸರ್ ಇರುವವರಲ್ಲಿ ಸಿಆರ್‌ಪಿ ಏರಿ, ಆಲ್ಬುಮಿನ್ ಇಳಿದಿದ್ದರೆ ವೈದ್ಯರು ಹುಷಾರಾಗುತ್ತಾರೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವೈದ್ಯರು ಈ ಎರಡೇ ಅಂಕಿಗಳನ್ನಿಟ್ಟುಕೊಂಡು 2003ರಲ್ಲಿ ಒಂದು ಸರಳ ಲೆಕ್ಕ ಕೊಟ್ಟರು. ಸಿಆರ್‌ಪಿ ಲೀಟರಿಗೆ 10 ಮಿ.ಗ್ರಾಂ ದಾಟಿದ್ದರೆ ಒಂದು ಅಂಕ, ಆಲ್ಬುಮಿನ್ 3.5ಕ್ಕಿಂತ ಕೆಳಗಿದ್ದರೆ ಇನ್ನೊಂದು ಅಂಕ. ಸೊನ್ನೆ ಬಂದವರಿಗಿಂತ ಎರಡು ಬಂದವರಿಗೆ ಚಿಕಿತ್ಸೆಯ ದಾರಿ ಕಷ್ಟ. ಇದು ಸಾವಿರಾರು ಜನರನ್ನು ನೋಡಿ ಹೇಳುವ ಮಾತು. ನಿಮ್ಮ ಮನೆಯವರ ಹಣೆಬರಹ ಅಲ್ಲ.

ಎರಡನೆಯದು ಫೈಬ್ರಿನೋಜನ್. ರಕ್ತ ಹೆಪ್ಪುಗಟ್ಟಿಸುವ ಪ್ರೊಟೀನ್ ಇದು. 100 ಮಿ.ಲೀ.ಗೆ 200ರಿಂದ 400 ಮಿ.ಗ್ರಾಂ ಇರಬೇಕಾದ್ದು ಏರುತ್ತದೆ. ಇಎಸ್ಆರ್ ಹೆಚ್ಚು ಬರಲು ಇದೂ ಒಂದು ಕಾರಣ. ಇಲ್ಲಿ ಸ್ವಲ್ಪ ಎಚ್ಚರ ಬೇಕು. ಜಠರ ಮತ್ತು ಮೇದೋಜೀರಕದ ಕ್ಯಾನ್ಸರ್ ಇರುವವರ ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು. ಇದನ್ನು 1865ರಷ್ಟು ಹಿಂದೆಯೇ ಪ್ಯಾರಿಸ್ಸಿನ ವೈದ್ಯ ಟ್ರೂಸೋ ಹೇಳಿದ್ದ. ವಿಧಿಯಾಟ ನೋಡಿ, ಎರಡು ವರ್ಷಕ್ಕೆ ತನ್ನದೇ ರಕ್ತನಾಳ ಹೆಪ್ಪುಗಟ್ಟಿದ್ದು ಕಂಡು ತನಗೂ ಅದೇ ಕಾಯಿಲೆ ಎಂದು ಅವನಿಗೆ ತಿಳಿಯಿತು. 1867ರಲ್ಲಿ ಜಠರದ ಕ್ಯಾನ್ಸರಿನಿಂದಲೇ ತೀರಿಕೊಂಡ.

ಮನೆಯಲ್ಲಿ ನಾವು ನೆನಪಿಡಬೇಕಾದ್ದು ಇಷ್ಟು. ಎರಡೂ ಪಾದ ಒಂದೇ ಸಮ ಊದಿದ್ದರೆ ಆಲ್ಬುಮಿನ್ ಕಡಿಮೆಯಾದದ್ದು ಕಾರಣ ಇರಬಹುದು, ಡಾಕ್ಟರಿಗೆ ತಿಳಿಸಿ. ಒಂದೇ ಕಾಲು ಊದಿ, ನೋವು, ಬಿಸಿ ಇದ್ದರೆ, ಅಥವಾ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಮೂರನೆಯದು ಫೆರಿಟಿನ್, ಕಬ್ಬಿಣದಂಶವನ್ನು ಕೂಡಿಡುವ ಪ್ರೊಟೀನ್. ಉರಿಯೂತ ಇದ್ದಾಗ ಇದೂ ಏರುತ್ತದೆ. ಹಿಮೋಗ್ಲೋಬಿನ್ ಇಳಿದಿದ್ದರೂ ಫೆರಿಟಿನ್ ಸರಿಯಾಗಿದೆಯಲ್ಲಾ ಎಂದು ಸುಮ್ಮನಾಗಬಾರದು. ರಕ್ತ ಎಲ್ಲಿ ಹೋಗುತ್ತಿದೆ ಎಂದು ಕೇಳಲೇಬೇಕು.

ಸಿಇಎ ಮಾಡಿಸಿದರೆ ಕ್ಯಾನ್ಸರ್ ಗೊತ್ತಾಗುತ್ತಾ?

ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಅಂದ ಕೂಡಲೇ ಉಳಿದವರಿಗೆಲ್ಲ ಭಯ. "ರಕ್ತದಲ್ಲೇ ಕ್ಯಾನ್ಸರ್ ಪತ್ತೆ" ಎಂಬ ಪ್ಯಾಕೇಜಿನ ಕರಪತ್ರ ಕಂಡರೆ ಎಲ್ಲರಿಗೂ ಮಾಡಿಸಿಬಿಡೋಣ ಅನ್ನಿಸುತ್ತದೆ. ಅದರಲ್ಲಿ ಸಿಇಎ ಎಂಬ ಹೆಸರು ಇದ್ದೇ ಇರುತ್ತದೆ. 1965ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಗೋಲ್ಡ್ ಮತ್ತು ಫ್ರೀಡ್‌ಮನ್ ದೊಡ್ಡ ಕರುಳಿನ ಗಡ್ಡೆಯಲ್ಲಿ ಕಂಡ ಪ್ರೊಟೀನ್ ಇದು. ಇದೊಂದರಿಂದಲೇ ಕ್ಯಾನ್ಸರ್ ಹಿಡಿಯಬಹುದು ಎಂದು ಆಗ ಬಹಳ ಆಸೆ ಹುಟ್ಟಿತ್ತು. ಆದರೆ ಆಗಲಿಲ್ಲ. ಗಡ್ಡೆ ಚಿಕ್ಕದಿರುವಾಗ ಎಷ್ಟೋ ಜನರಲ್ಲಿ ಸಿಇಎ ಸರಿಯಾಗೇ ಇರುತ್ತದೆ. ಬೀಡಿ, ಸಿಗರೇಟು ಸೇದುವವರಲ್ಲಿ, ಲಿವರ್ ತೊಂದರೆ ಇರುವವರಲ್ಲಿ ಕ್ಯಾನ್ಸರ್ ಇಲ್ಲದಿದ್ದರೂ ಏರಬಹುದು. ಸರಿ ಬಂತು ಅಂತ ಮೈಮರೆಯುವುದೂ ತಪ್ಪು, ಏರಿತು ಅಂತ ಅಳುತ್ತಾ ಕೂರುವುದೂ ತಪ್ಪು.

ಹಾಗಾದರೆ ಉಪಯೋಗವೇ ಇಲ್ಲವೇ? ಇದೆ. ದೊಡ್ಡ ಕರುಳಿನ ಕ್ಯಾನ್ಸರ್ ಇದೆ ಎಂದು ಗೊತ್ತಾದವರಿಗೆ ಆಪರೇಷನ್ನಿಗೆ ಮುಂಚೆ ಒಮ್ಮೆ ನೋಡಿ, ಆಮೇಲೆ ಮೂರರಿಂದ ಆರು ತಿಂಗಳಿಗೊಮ್ಮೆ ನೋಡುತ್ತಾರೆ. ಇಳಿದದ್ದು ಮತ್ತೆ ಏರತೊಡಗಿದರೆ ಕಾಯಿಲೆ ಮರಳಿತೇ ಎಂದು ಹುಡುಕಲು ಅದು ಸೂಚನೆ.

ಈಗ ನಮ್ಮ ಕೆಲಸ

"ಹಾಗಿದ್ದರೆ ಊಟದಿಂದ ಏನೂ ಆಗುವುದಿಲ್ಲ ಅಂತೀರಾ?" ಎಂದು ನೀವು ಕೇಳಬಹುದು. ಖಂಡಿತ ಇಲ್ಲ! ರಿಪೋರ್ಟಿನ ಅಂಕಿಯನ್ನು ಏರಿಸುವುದು ನಿಮ್ಮ ಕೈಯಲ್ಲಿಲ್ಲ. ಆದರೆ ಮೈಯ ಮಾಂಸಖಂಡ ಕರಗದಂತೆ ನೋಡಿಕೊಳ್ಳುವುದರಲ್ಲಿ ನಿಮ್ಮ ಪಾತ್ರ ದೊಡ್ಡದು. ಆಪರೇಷನ್, ಕೀಮೋ ತಡೆದುಕೊಳ್ಳುವ ಶಕ್ತಿ ಅಲ್ಲಿಂದಲೇ ಬರಬೇಕು.

ಮೊದಲು ತೂಕ. ವಾರಕ್ಕೊಮ್ಮೆ, ಒಂದೇ ದಿನ, ಬೆಳಿಗ್ಗೆ ತಿಂಡಿಗೆ ಮುಂಚೆ ನೋಡಿ ಕ್ಯಾಲೆಂಡರಿನ ಮೇಲೆ ಬರೆದಿಡಿ. ಆರು ತಿಂಗಳಲ್ಲಿ ಶೇ 5ಕ್ಕಿಂತ ಹೆಚ್ಚು, ಅಂದರೆ 60 ಕಿಲೋ ಇದ್ದವರು 3 ಕಿಲೋಗಿಂತ ಹೆಚ್ಚು ಇಳಿದಿದ್ದರೆ ಡಾಕ್ಟರಿಗೆ ಹೇಳಲೇಬೇಕು. ಕಾಲು ಊದಿದ್ದರೆ ನೀರಿನ ಭಾರಕ್ಕೆ ತೂಕ ಸರಿಯಾಗಿರುವಂತೆ ಕಾಣುತ್ತದೆ, ಅದೂ ನೆನಪಿರಲಿ.

ಆಮೇಲೆ ಪ್ರೊಟೀನ್. ಕ್ಯಾನ್ಸರ್ ಇರುವವರಿಗೆ ದೇಹದ ತೂಕದ ಕಿಲೋಗೆ 1ರಿಂದ 1.5 ಗ್ರಾಂ ಬೇಕು ಎನ್ನುತ್ತಾರೆ ತಜ್ಞರು. 50 ಕಿಲೋ ಇದ್ದವರಿಗೆ ದಿನಕ್ಕೆ 50ರಿಂದ 75 ಗ್ರಾಂ. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಿಯೇ ಅಳತೆ ಇಟ್ಟುಕೊಳ್ಳಬೇಕು. ನಮ್ಮ ಅಡುಗೆ ಮನೆಯ ಲೆಕ್ಕದಲ್ಲಿ ಸುಮಾರಾಗಿ ಹೇಳುವುದಾದರೆ:

* ಒಂದು ಲೋಟ ಹಾಲು ಅಥವಾ ಒಂದು ಬಟ್ಟಲು ಮೊಸರು: 6 ಗ್ರಾಂ
* ಒಂದು ಬಟ್ಟಲು ಗಟ್ಟಿ ತೊವ್ವೆ: 6 ಗ್ರಾಂ
* ಒಂದು ಹಿಡಿ ಕಡಲೆಕಾಯಿ ಬೀಜ ಅಥವಾ ಹುರಿಗಡಲೆ: 6ರಿಂದ 7 ಗ್ರಾಂ
* 50 ಗ್ರಾಂ ಪನೀರ್: 9 ಗ್ರಾಂ
* ಒಂದು ಬೇಯಿಸಿದ ಮೊಟ್ಟೆ: 6 ಗ್ರಾಂ

ಇಲ್ಲಿ ನಾವು ಎಡವುವುದು ಗಂಜಿಯಲ್ಲಿ. ಕಾಯಿಲೆಯವರು ಅಂದರೆ ರಾಗಿ ಗಂಜಿ ಎಂದು ದಿನಕ್ಕೆ ನಾಲ್ಕು ಸಲ ಅದನ್ನೇ ಕೊಡುತ್ತೇವೆ. ಎರಡು ಚಮಚ, ಅಂದರೆ 20 ಗ್ರಾಂ ರಾಗಿ ಹಿಟ್ಟಿನಲ್ಲಿ ಇರುವುದು ಒಂದೂವರೆ ಗ್ರಾಂ ಪ್ರೊಟೀನ್! ಅದೇ ಗಂಜಿಯನ್ನು ನೀರಿನ ಬದಲು ಹಾಲಿನಲ್ಲಿ ಕಾಯಿಸಿ, ಒಂದು ಚಮಚ ಹುರಿಗಡಲೆ ಪುಡಿ, ಅರ್ಧ ಚಮಚ ತುಪ್ಪ ಸೇರಿಸಿ. ಅದೇ ಲೋಟ, ಐದಾರು ಪಟ್ಟು ಸತ್ವ.

ಮೊಟ್ಟೆ ತಿನ್ನದವರು ಚಿಂತೆ ಮಾಡಬೇಕಿಲ್ಲ. ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ ಇದೆಯಲ್ಲ, 1950ರಲ್ಲಿ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಶುರುವಾದದ್ದು, ಅಲ್ಲಿನ ವಿಜ್ಞಾನಿಗಳು ಬಡವರಿಗೆ ಅಗ್ಗದ ಪ್ರೊಟೀನ್ ಸಿಗಲಿ ಅಂತ ಒಂದು ಪುಡಿ ತಯಾರಿಸಿದ್ದರು. ಅದರಲ್ಲಿದ್ದದ್ದು ಏನು ಗೊತ್ತಾ? ಮುಕ್ಕಾಲು ಪಾಲು ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು, ಕಾಲು ಪಾಲು ಕಡಲೆ ಹಿಟ್ಟು, ಜೊತೆಗೆ ವಿಟಮಿನ್ ಮತ್ತು ಕ್ಯಾಲ್ಸಿಯಂ. ನಾನು ಮಾವನವರಿಗೆ ಹುರಿದ ಕಡಲೆಕಾಯಿ ಬೀಜ, ಹುರಿಗಡಲೆ ನುಣ್ಣಗೆ ಪುಡಿ ಮಾಡಿ ಡಬ್ಬಿ ತುಂಬಿಸಿಟ್ಟಿದ್ದೆ. ಗಂಜಿಗೆ, ಮೊಸರನ್ನಕ್ಕೆ, ಪಾಯಸಕ್ಕೆ ಎಲ್ಲಕ್ಕೂ ಒಂದೊಂದು ಚಮಚ. ಬೀಜ ಆರಿಸುವಾಗ ಬೂಷ್ಟು ಹಿಡಿದದ್ದು, ಕಪ್ಪಗಾದದ್ದು ಎಸೆದುಬಿಡಿ. ಆ ಬೂಷ್ಟಿನ ವಿಷ ಲಿವರಿಗೆ ಬಹಳ ಕೆಟ್ಟದ್ದು.

ಇನ್ನು ಕಾಯಿಲೆ ಎಲ್ಲಿದೆ ಎಂಬುದರ ಮೇಲೆ ಊಟದ ಹದ ಬದಲಾಗಬೇಕು.

ಅನ್ನನಾಳದಲ್ಲಿ ಇದ್ದರೆ ಮಿಕ್ಸಿಗೆ ಹಾಕಿ ಸೋಸಿದ ತೊವ್ವೆ, ಹಾಲು, ತೆಳು ಪಾಯಸ. ಜಠರದ ಆಪರೇಷನ್ ಆಗಿದ್ದರೆ ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಲಿ. ಸಿಹಿ ಒಟ್ಟಿಗೆ ಹೆಚ್ಚು ಕೊಟ್ಟರೆ ಎದೆ ಢವಢವ, ಬೆವರು, ಭೇದಿ ಆಗಬಹುದು. ಜಠರ ಪೂರ್ತಿ ತೆಗೆದವರಿಗೆ ಬಿ12 ಇಂಜೆಕ್ಷನ್ ಜೀವನಪೂರ್ತಿ ಬೇಕು, ಮರೆಯಬೇಡಿ. ಕರುಳು ಕಿರಿದಾಗಿದೆ ಎಂದಿದ್ದರೆ ಸೊಪ್ಪು, ನಾರು ಎಷ್ಟಿರಬೇಕು ಎಂದು ಡಾಕ್ಟರನ್ನು ಕೇಳಿ. ಕೀಮೋ ನಡೆಯುವಾಗ ಹಸಿ ಮೊಟ್ಟೆ, ಕಾಯಿಸದ ಹಾಲು, ರಸ್ತೆ ಬದಿಯ ಹೆಚ್ಚಿದ ಹಣ್ಣು ಬೇಡವೇ ಬೇಡ.

ಬಾಯಿಂದ ಸಾಲದಿದ್ದಾಗ ಮೂಗಿನ ಮೂಲಕ ತೆಳು ನಳಿಕೆ ಹಾಕಿ ಆಹಾರ ಕೊಡುವುದುಂಟು. "ನಳಿಕೆ ಹಾಕಿದರೆ ಮುಗೀತು" ಎಂದು ನಂಟರು ಹೆದರಿಸುತ್ತಾರೆ. ಹಾಗೇನಿಲ್ಲ. ತುಂಬಾ ಸೊರಗಿದವರಿಗೆ ಆಪರೇಷನ್ನಿಗೆ ಮುಂಚೆ ಒಂದೆರಡು ವಾರ ಹೀಗೆ ಪೋಷಣೆ ಕೊಟ್ಟು ಸಿದ್ಧ ಮಾಡುತ್ತಾರೆ. ಮಾವನವರಿಗೂ ಹಾಗೇ ಹನ್ನೆರಡು ದಿನ ಕೊಟ್ಟರು.

ಸಕ್ಕರೆ, ಹಾಲು ಕೊಟ್ಟರೆ ಗಡ್ಡೆ ಬೆಳೆಯುತ್ತೆ, ಉಪವಾಸ ಮಾಡಿಸಿದರೆ ಗಡ್ಡೆ ಸಾಯುತ್ತೆ ಎಂದು ಹೇಳುವವರೂ ಸಿಗುತ್ತಾರೆ. ದಯವಿಟ್ಟು ಕೇಳಬೇಡಿ. ಮೊದಲು ಕರಗುವುದು ರೋಗಿಯ ಮೈ.

ಒಂದು ಬಾಟಲ್ ಹಾಕಿಸಿಬಿಡಿ!

ಆಲ್ಬುಮಿನ್ ಕಡಿಮೆ ಅಂದ ಕೂಡಲೇ ಯಾರಾದರೂ ಹೇಳುವ ಮಾತಿದು. ದಾನಿಗಳ ಪ್ಲಾಸ್ಮಾದಿಂದ ಆಲ್ಬುಮಿನ್ ಬೇರ್ಪಡಿಸುವ ವಿಧಾನವನ್ನು ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಎಡ್ವಿನ್ ಕಾನ್ ಕಂಡುಹಿಡಿದರು. 1941ರಲ್ಲಿ ಪರ್ಲ್ ಹಾರ್ಬರ್ ದಾಳಿಯಲ್ಲಿ ಗಾಯಗೊಂಡವರಿಗೆ ಅದನ್ನು ಕೊಟ್ಟಿದ್ದರು. ಈಗಲೂ ಹೊಟ್ಟೆಯಿಂದ ಬಹಳ ನೀರು ತೆಗೆದಾಗ, ಲಿವರಿನ ಕೆಲವು ತೊಂದರೆಗಳಲ್ಲಿ ಇದು ಜೀವ ಉಳಿಸುವ ಔಷಧಿಯೇ. ಆದರೆ ಬರೀ ರಿಪೋರ್ಟಿನ ಅಂಕಿ ಸರಿ ಮಾಡಲು ಹಾಕಿಸುವುದರಿಂದ ಲಾಭ ಇಲ್ಲ. ಶೇ 20ರ 100 ಮಿ.ಲೀ. ಬಾಟಲಿಯಲ್ಲಿ ಇರುವುದು 20 ಗ್ರಾಂ. ಬೆಲೆಯೋ ಸಾವಿರಗಳಲ್ಲಿ. ಸೋರುವ ನಾಳಗಳಿಂದ ಅದೂ ಹೊರಗೆ ಹೋಗುತ್ತದೆ. ಅದು ಊಟವೂ ಅಲ್ಲ. ಡಾಕ್ಟರೇ ಬೇಕೆಂದರೆ ಹಾಕಿಸಿ, ನೀವಾಗಿ ಒತ್ತಾಯ ಮಾಡಬೇಡಿ.

ಡಾಕ್ಟರನ್ನು ಕೇಳಿ

ಒಳಗೆ ಹೋದ ಮೇಲೆ ಎಲ್ಲ ಮರೆತುಹೋಗುತ್ತದೆ. ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.

* ಆಲ್ಬುಮಿನ್ ಇಳಿದಿರುವುದು ಉರಿಯೂತದಿಂದಲೋ, ರಕ್ತ ಸೋರಿಕೆಯಿಂದಲೋ, ಊಟ ಸಾಲದೆಯೋ?
* ಸಿಆರ್‌ಪಿ ಎಷ್ಟಿದೆ? ಸೋಂಕು ಏನಾದರೂ ಇದೆಯೇ?
* ಆಪರೇಷನ್ನಿಗೆ ಮುಂಚೆ ಪೋಷಣೆಗೆ ಸಮಯ ಬೇಕೇ, ಎಷ್ಟು ದಿನ?
* ಪಥ್ಯದ ತಜ್ಞರನ್ನು ಎಲ್ಲಿ ನೋಡಬೇಕು?
* ಓಡಾಟ ಎಷ್ಟು ಮಾಡಬಹುದು?

'ಮೈ ಬರಲಿ, ಆಮೇಲೆ ನೋಡೋಣ' ಎಂದು ಆಪರೇಷನ್ ತಾರೀಖನ್ನು ನೀವಾಗಿ ಮುಂದೂಡಬೇಡಿ. ಎಷ್ಟೋ ಸಲ ಗಡ್ಡೆಗೆ ಚಿಕಿತ್ಸೆ ಆದ ಮೇಲೇ ಲಿವರ್ ತನ್ನ ದಿನದ ಅಡುಗೆಗೆ ಮರಳುವುದು.

ನಿಮ್ಮ ಕಡೆಗೂ ನೋಡಿಕೊಳ್ಳಿ

ಕೊನೆಯದಾಗಿ ಒಂದು ಮಾತು. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ 1982ರಿಂದ ಆ ನಗರದ ಕ್ಯಾನ್ಸರ್ ರೋಗಿಗಳ ನೋಂದಣಿ ನಡೆಯುತ್ತಾ ಬಂದಿದೆ. ಗಂಡಸರಲ್ಲಿ ಜಠರ ಮತ್ತು ಅನ್ನನಾಳದ ಕ್ಯಾನ್ಸರ್ ಅಲ್ಲಿ ಮುಂಚೂಣಿಯಲ್ಲಿವೆ. ಅನ್ನನಾಳದ ಕ್ಯಾನ್ಸರ್ ಹೆಂಗಸರನ್ನೂ ಬಿಟ್ಟಿಲ್ಲ. ಎಲೆ ಅಡಿಕೆ ಜೊತೆ ಕಡ್ಡಿಪುಡಿ ಹಾಕುವ ಅಜ್ಜಿ, ಅತ್ತೆ ನಿಮ್ಮ ಮನೆಯಲ್ಲಿದ್ದರೆ ನಯವಾಗಿ ಬಿಡಿಸಿ.

ಊಟ ಗಂಟಲಲ್ಲಿ ಸಿಕ್ಕಿಕೊಳ್ಳುವುದು, ಬೇಗ ಹೊಟ್ಟೆ ತುಂಬುವುದು, ಮಲ ಟಾರಿನಂತೆ ಕಪ್ಪಗೆ ಹೋಗುವುದು, ಮಲದಲ್ಲಿ ರಕ್ತ, ಮಲವಿಸರ್ಜನೆಯ ರೀತಿ ವಾರಗಟ್ಟಲೆ ಬದಲಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಮುಟ್ಟು ನಿಂತ ಮೇಲೂ ರಕ್ತ ಕಡಿಮೆಯಾಗುವುದು. ಇವುಗಳಲ್ಲಿ ಒಂದು ಕಂಡರೂ 'ಗ್ಯಾಸ್ಟ್ರಿಕ್' ಅಂತ ಮಾತ್ರೆ ನುಂಗುತ್ತಾ ಕೂರಬೇಡಿ. ಮನೆಯವರೆಲ್ಲರ ರಿಪೋರ್ಟು ಓದುವ ನಾವು ನಮ್ಮದನ್ನು ಮಾತ್ರ ಮಾಡಿಸುವುದೇ ಇಲ್ಲ! ಖರ್ಚಿಗೆ ಹೆದರುವವರು ಕೆ.ಆರ್. ಆಸ್ಪತ್ರೆಯಲ್ಲಿ ವಿಚಾರಿಸಿ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಯೂ ಸೇರಿದೆ. ಹೋಗುವಾಗ ರೇಷನ್ ಕಾರ್ಡ್, ಆಧಾರ್ ಇಟ್ಟುಕೊಳ್ಳಿ.

ಮಾವನವರಿಗೆ ಆಪರೇಷನ್ ಆಯಿತು. ಆವತ್ತಿಗೂ ಆಲ್ಬುಮಿನ್ 2.9 ಅಷ್ಟೇ, ಮುಂದೆ 'ಎಲ್' ಹಾಗೇ ಇತ್ತು. ಆಮೇಲೆ ಎರಡು ವರ್ಷ ನಮ್ಮ ಜೊತೆ ಇದ್ದರು. ಆಂದೋಲನ ಸರ್ಕಲ್ ತನಕ ಅಲ್ಲದಿದ್ದರೂ ಬೀದಿ ಕೊನೆಯ ತನಕ ನಡೆದರು, ಮೊಮ್ಮಗನ ಲೆಕ್ಕ ತಿದ್ದಿದರು, ಅತ್ತೆ ಮಾಡಿದ ತೊವ್ವೆಗೆ ಉಪ್ಪು ಕಮ್ಮಿ ಅಂತ ಜಗಳವನ್ನೂ ಆಡಿದರು!

ಅವರು ಹೋದ ಮೇಲೆ ಒಂದು ದಿನ ಹಳೇ ಫೈಲು ಜೋಡಿಸುವಾಗ ಆ ಮೊದಲ ರಿಪೋರ್ಟು ಸಿಕ್ಕಿತು. ಅತ್ತೆ ಕೈಗೆ ತೆಗೆದುಕೊಂಡು ನೋಡಿ, "ಇದು ನನ್ನಿಂದ ಆದದ್ದಲ್ಲ ಅಂತ ನಿಜವಾಗಿ ಹೇಳ್ತೀಯಾ?" ಅಂದರು. ಪಕ್ಕದಲ್ಲಿ ಕೂತು ಮದುವೆ ಮನೆಯ ಅಡುಗೆ ಕಥೆಯನ್ನು ಮತ್ತೊಮ್ಮೆ ಪೂರ್ತಿ ಹೇಳಿದೆ. ಈ ಮಾತು ಕೇಳಬೇಕಾದ ಅತ್ತೆ, ಅಕ್ಕ, ಅಮ್ಮ ನಿಮ್ಮ ಮನೆಯಲ್ಲೂ ಇದ್ದರೆ ಇವತ್ತೇ ಹೇಳಿಬಿಡಿ.